ಕುಯ್ದ ಅಡ್ಡಕಂಬಿ, ಕಳೆದುಹೋದ ಜೋಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತಿರುವಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು, ರಸ್ತೆಯ ಕಬ್ಬಿಣದ ಮುಚ್ಚಳಕ್ಕೆ ಕೊಕ್ಕೆ ಹಾಕಿ ಎಳೆಯುತ್ತಿದ್ದಾರೆ. ಮುಚ್ಚಳ ಕೆರೆಯುತ್ತಾ ಸರಿಯುತ್ತದೆ. ಗುಂಡಿಯೊಳಗಿಂದ ಸೊಳ್ಳೆಗಳ ಹಿಂಡು ಮುಖಕ್ಕೇ ಏಳುತ್ತದೆ. ಅವರು ಕಣ್ಣು ಕಿರಿದು ಮಾಡಿಕೊಂಡು, ಎದೆಯುದ್ದದ ಕಬ್ಬಿಣದ ಚಾವಿಯನ್ನು ಒಳಗಿಳಿಸಿ ವಾಲ್ವಿನ ಚೌಕ ತಲೆಗೆ ಕೂರಿಸುತ್ತಾರೆ. ಚಾವಿಯ ಮೇಲ್ತುದಿಯಲ್ಲಿ ಹಿಡಿದು ತಿರುಗಿಸಲು ಒಂದು ಅಡ್ಡಕಂಬಿ. ಎರಡೂ ಕೈ ಅದರ ಮೇಲಿಟ್ಟು, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕುತ್ತಾರೆ. ವಾಲ್ವ್ ಅಲುಗುವುದಿಲ್ಲ.

"ಥೂ, ಹಾಳಾದ್ದೇ! ಬಾ ಅಂದ್ರೆ ಬರೋಕೇನು ನಿಂಗೆ?"

ಮೇಲಿನ ಮಹಡಿಯ ಕಿಟಕಿ ತೆರೆದುಕೊಳ್ಳುತ್ತದೆ. "ನೀರಕ್ಕಾ, ಇವತ್ತೂ ಲೇಟಾ? ನಾನು ಸ್ನಾನ ಮಾಡಿ ಬರೋವರೆಗೂ ಟ್ರೇನು ನಿಂತಿರುತ್ತಾ?"

"ನಿಂತಿರಲ್ಲ ಸ್ವಾಮೀ! ಕೆಳಗೆ ಬಂದು ಒಂದು ಸುತ್ತು ತಿರುಗಿಸಿಕೊಡಿ, ಆಮೇಲೆ ಬಾಯಿ ಮಾಡಿ!"

ಕಿಟಕಿ ಮುಚ್ಚಿಕೊಳ್ಳುತ್ತದೆ. ನೀರಕ್ಕ ಬಲಭುಜವನ್ನು ಒತ್ತಿಕೊಂಡು ಇನ್ನೊಮ್ಮೆ ಬಾಗುತ್ತಾರೆ. ಈ ಸಲ ಕಿರ್ರೆಂದು ಕಾಲು ಸುತ್ತು ಬರುತ್ತದೆ. ಇನ್ನು ಹೀಗೇ ಕಾಲು ಕಾಲಾಗಿ ಬಿಚ್ಚಬೇಕು. ಅದಾದ ಮೇಲೆ ಮುಂದಿನ ಬೀದಿ, ಅದರ ಮುಂದಿನದು.

ಇದು ದೊಡ್ಡ ನಗರವೊಂದರ ಮಗ್ಗುಲಿನ ಸಣ್ಣ ನಗರ. ಇದನ್ನು ದೊಡ್ಡ ನಗರದ ಮಲಗುವ ಕೋಣೆ ಎಂದರೂ ತಪ್ಪಿಲ್ಲ. ಬೆಳಗಾದರೆ ದುಡಿಯುವವರೆಲ್ಲ ರೈಲು ಹತ್ತುತ್ತಾರೆ, ಸಂಜೆ ಸುಸ್ತಾಗಿ ಬಂದಿಳಿಯುತ್ತಾರೆ. ನಡುವಿನ ಹೊತ್ತಿನಲ್ಲಿ ಊರು ಮುದುಕರದ್ದು, ವಾಚ್‌ಮನ್‌ಗಳದ್ದು, ಬೀದಿನಾಯಿಗಳದ್ದು. ಮನೆಗಳ ಮೇಲೆ ಮನೆ ಎದ್ದಿವೆ. ನೆಲದೊಳಗಿನ ಕೊಳವೆ ಮಾತ್ರ ಹಳೆಯ ಕಾಲದ್ದೇ. ಎಲ್ಲರಿಗೂ ಒಟ್ಟಿಗೆ ಬಿಟ್ಟರೆ ಯಾರಿಗೂ ಸಿಗದಷ್ಟು ನೀರು. ಹಾಗಾಗಿ ಒಂದು ಬೀದಿಗೆ ಬಿಟ್ಟು, ನಿಲ್ಲಿಸಿ, ಇನ್ನೊಂದಕ್ಕೆ ಬಿಡಬೇಕು. ಬಿಡುವುದೆಂದರೆ ಯಾರೋ ಒಬ್ಬರು ಗುಂಡಿಯ ಪಕ್ಕ ನಿಂತು ತಿರುಗಿಸಬೇಕು.

ಊರಿಗೆ ನಗರದ ಪಟ್ಟ ಸಿಕ್ಕಿದ್ದಕ್ಕೆ ನಗರಸಭೆಯವರು ಮಿರಮಿರ ಮಿಂಚುವ ಪುಸ್ತಿಕೆಯೊಂದನ್ನು ತಂದಿದ್ದಾರೆ. ಅದರಲ್ಲಿ ಊರಿನ ಪರಿಚಯವಿದೆ. ಅಧ್ಯಕ್ಷರ ನಗು ಒಂದು ಪುಟ, ಹನಿ ನೀರಿಲ್ಲದ ಕಾರಂಜಿ ಇನ್ನೊಂದು ಪುಟ. ನೀರಿನ ಬಗ್ಗೆ ಒಂದೇ ಸಾಲು: ನಗರದ ನೀರು ಸರಬರಾಜು ಸಂಪೂರ್ಣ ಸ್ವಯಂಚಾಲಿತ.

ಓದಿ ಹೇಳಿದರೆ ನೀರಕ್ಕ ಗುಂಡಿಯ ಪಕ್ಕದಲ್ಲೇ ಕೂತು ನಗುತ್ತಾರೆ. "ಸ್ವಯಂ ಅಂದ್ರೆ ನಾನು, ಚಾಲಿತ ಅಂದ್ರೆ ನನ್ನ ಓರಗಿತ್ತಿ. ಚಾಲಿತಾನ ಮನೆಗೆ ಕಳಿಸಿಬಿಟ್ರು. ಈಗ ಬರೀ ಸ್ವಯಂ ಉಳಿದಿರೋದು." ಆಮೇಲೆ ನಗು ಇಳಿಯುತ್ತದೆ. "ನನ್ನ ಫೋಟೋ ಹಾಕೋದು ಬೇಡ. ಆದ್ರೆ ನಾನು ಇಲ್ಲವೇ ಇಲ್ಲ ಅಂತ ಅಚ್ಚು ಹಾಕಿಸೋಕೆ ಇವ್ರಿಗೆ ಎಷ್ಟು ಧೈರ್ಯ ನೋಡಿ!"

ಓರಗಿತ್ತಿ ಎಂದರೆ ಗಂಡನ ತಮ್ಮನ ಹೆಂಡತಿ. ಇಬ್ಬರೂ ಈ ಕೆಲಸಕ್ಕೆ ಜೋಡಿಯಾಗಿಯೇ ಸೇರಿದವರು. ಆಗ ನೀರಕ್ಕನ ಮಗಳಿಗೆ ಹಾಲುಹಲ್ಲು. ಈಗ ಅವಳು ಆಸ್ಪತ್ರೆಯಲ್ಲಿ ನರ್ಸು. ಆ ದಿನಗಳಲ್ಲಿ ಚಾವಿಯ ಅಡ್ಡಕಂಬಿ ಎರಡು ಮೊಳ ಉದ್ದವಿತ್ತು. ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು. ನಡುವಿನ ಗುಂಡಿಯನ್ನು ಸುತ್ತುತ್ತಾ, ಮನೆಯ ಸುದ್ದಿ, ಅತ್ತೆಯ ಚಾಡಿ ಎಲ್ಲ ಮಾತಾಡಿಕೊಳ್ಳುತ್ತಾ ತಿರುಗಿಸುತ್ತಿದ್ದರು. "ಮಾತು ಮುಗಿಯೋದ್ರೊಳಗೆ ವಾಲ್ವ್ ಬಿಚ್ಚಿರೋದು. ಬೀದಿ ಮುಗಿದ್ರೂ ಅತ್ತೆ ಮುಗೀತಿರ್ಲಿಲ್ಲ," ಎನ್ನುತ್ತಾರೆ ಓರಗಿತ್ತಿ.

ಆಮೇಲೆ ನಗರಸಭೆ ಒಂದು ಮೂರು ಚಕ್ರದ ಗಾಡಿ ಕೊಂಡಿತು. ಸಾಮಾನಿಗೆಂದು ಅದರ ಹಿಂದೆ ಉದ್ದನೆಯ ಕಿರಿದಾದ ಪೆಟ್ಟಿಗೆ. ಚಾವಿ ಇಟ್ಟರೆ ಅಡ್ಡಕಂಬಿ ತಡೆದು ಮುಚ್ಚಳ ಹಾಕಲು ಬರಲಿಲ್ಲ. ಪೆಟ್ಟಿಗೆ ಅಗಲ ಮಾಡಬಹುದಿತ್ತು. ಮಾಡಲಿಲ್ಲ. ಎಲ್ಲ ಚಾವಿಗಳನ್ನೂ ಆಫೀಸಿಗೆ ತರಿಸಿ ಅಡ್ಡಕಂಬಿಗಳನ್ನು ಎರಡೂ ಕಡೆಯಿಂದ ಕುಯ್ಸಿ ಒಂದು ಮೊಳಕ್ಕೆ ಇಳಿಸಿದರು. ಆ ಗಾಡಿ ಈಗ ಸಭೆ ಸಮಾರಂಭಕ್ಕೆ ಕುರ್ಚಿ ಸಾಗಿಸುತ್ತದೆ. ನೀರಕ್ಕ ಚಾವಿಯನ್ನು ಇವತ್ತಿಗೂ ಹೆಗಲ ಮೇಲೇ ಹೊರುತ್ತಾರೆ.

ಇದರಲ್ಲೇನು ಮಹಾ ಅನ್ನುವವರು ಎದ್ದು ಹೋಗಿ ನಿಮ್ಮ ಮನೆಯ ಬಾಗಿಲನ್ನು ತಳ್ಳಿ ನೋಡಿ. ಚಿಲಕದ ಕಡೆ ತಳ್ಳಿದರೆ ಒಂದು ಬೆರಳು ಸಾಕು. ಕೀಲಿನ ಪಕ್ಕ ಕೈಯಿಟ್ಟು ತಳ್ಳಿದರೆ ಬಾಗಿಲು ನಿಮ್ಮನ್ನೇ ತಳ್ಳುತ್ತದೆ. ಶಾಲೆಯಲ್ಲಿ ಇದಕ್ಕೆ ಬಲದ ಭ್ರಾಮಕ ಅಂತ ಹೆಸರು ಹೇಳಿಕೊಟ್ಟಿದ್ದರು, ಪರೀಕ್ಷೆ ಮುಗಿದ ಮೇಲೆ ನಾವೆಲ್ಲ ಮರೆತೆವು. ತಿರುಗಿಸುವ ಶಕ್ತಿ ನೀವೆಷ್ಟು ಬಲ ಹಾಕುತ್ತೀರಿ ಎನ್ನುವುದರಲ್ಲಷ್ಟೇ ಇಲ್ಲ, ನಡುವಿನಿಂದ ಎಷ್ಟು ದೂರದಲ್ಲಿ ಹಾಕುತ್ತೀರಿ ಎನ್ನುವುದರಲ್ಲೂ ಇದೆ. ಕಂಬಿ ಅರ್ಧವಾದರೆ ಬಲ ಎರಡರಷ್ಟು ಬೇಕು. ಆ ಎರಡರಷ್ಟು ಎಲ್ಲಿಂದ ಬರಬೇಕು? ಕುಯ್ದವರ ಮೈಯಿಂದಲ್ಲವಲ್ಲ!

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಮೊಳದ ಕಂಬಿಯ ಮೇಲೆ ನಾಲ್ಕು ಕೈಗೆ ಜಾಗವಿಲ್ಲ. ಅದನ್ನೇ ನೆಪ ಮಾಡಿ, ಹಿಡಿಯುವುದು ಒಬ್ಬರೇ ಆದಮೇಲೆ ಇನ್ನೊಬ್ಬರಿಗೆ ಸಂಬಳ ಏಕೆ ಎಂದು ಓರಗಿತ್ತಿಯನ್ನು ತೆಗೆದುಹಾಕಿದರು. ಎರಡರಷ್ಟು ಬಲ ಬೇಕಾದ ಹೊತ್ತಿಗೆ ಆಳನ್ನು ಅರ್ಧ ಮಾಡಿದರು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ.

ನೀರಕ್ಕ ಕಂಬಿಗೊಂದು ಟೊಳ್ಳು ಪೈಪು ತೊಡಿಸಿ ಉದ್ದ ಮಾಡಿಕೊಂಡರು. ಕೆಲ ಕಾಲ ನಡೆಯಿತು. ಆದರೆ ಹೊಸ ಬಡಾವಣೆಯಲ್ಲೊಂದು ವಾಲ್ವಿದೆ. ಉಳಿದವೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ, ಇದು ಬಲಕ್ಕೆ. ಕಂಟ್ರಾಕ್ಟರ್ ಯಾವುದು ಸಿಕ್ಕಿತೋ ಅದನ್ನು ಹೂತು ಹೋದ. ಇವರಿಬ್ಬರು ಅದಕ್ಕೆ ಎಡವಟ್ಟ ಎಂದು ಹೆಸರಿಟ್ಟಿದ್ದರು. ಅಲ್ಲಿಗೆ ಬಂದಾಗಲೆಲ್ಲ ಓರಗಿತ್ತಿ "ಅಕ್ಕಾ, ಎಡವಟ್ಟ ಬಂದ!" ಎಂದು ಕೂಗಿ ಎಚ್ಚರಿಸುತ್ತಿದ್ದರು. ಒಂದು ಬೆಳಿಗ್ಗೆ ಭುಜದ ನೋವಿನಲ್ಲಿ ನೀರಕ್ಕನಿಗೆ ಅದು ನೆನಪಾಗಲಿಲ್ಲ. ಕೂಗುವವರೂ ಪಕ್ಕದಲ್ಲಿರಲಿಲ್ಲ. ಎಡಕ್ಕೆ ತಿರುಗಿಸಿದರು, ಬರಲಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡು ಪೈಪು ಹಾಕಿ ಜಗ್ಗಿದರು. ಚೌಕ ತಲೆಯ ಕೆಳಗಿನ ವಾಲ್ವಿನ ಕಂಬ ಫಟ್ಟೆಂದು ಮುರಿಯಿತು. ಬಡಾವಣೆಗೆ ದಿನಗಟ್ಟಲೆ ನೀರಿಲ್ಲ.

"ನಂದೇ ತಪ್ಪು. ಅಲ್ಲ ಅನ್ನಲ್ಲ," ಎನ್ನುತ್ತಾರೆ. "ಆದ್ರೆ ನನ್ನ ಜೊತೆ ಅವಳಿದ್ದಿದ್ರೆ ಆ ತಪ್ಪು ಆಗ್ತಿತ್ತಾ? ಅದನ್ನ ಯಾರೂ ಕೇಳಲಿಲ್ಲ."

ಮುರಿದ ಮೇಲೆ ಪೈಪು ಹಾಕಬಾರದು ಎಂದು ಆಜ್ಞೆಯಾಯಿತು. ನೀರು ವಿಭಾಗದ ಸೂಪರ್‌ವೈಸರ್ ಫ್ಯಾನಿನ ಕೆಳಗೆ ಕೂತು ಹೇಳಿದ್ದು ಇಷ್ಟು: "ಎಲ್ಲ ಚಾವಿಗೂ ಒಂದೇ ಅಳತೆ, ರೂಲ್ಸ್ ಅಂದ್ರೆ ರೂಲ್ಸು. ಆ ಯಮ್ಮನಿಗೆ ತಿರುಗಿಸೋಕೆ ಆಗಲ್ಲ ಅಂದ್ರೆ ಹೇಳಿಬಿಡಲಿ. ಗಟ್ಟಿ ಆಳು ಬೇಕಾದಷ್ಟು ಸಿಗ್ತಾರೆ." ಗಟ್ಟಿ ಆಳಿಗೂ ಇರುವುದು ಎರಡೇ ಭುಜ. ಅವು ಹೋದ ಮೇಲೆ ಇನ್ನೊಬ್ಬ ಗಟ್ಟಿ ಆಳು, ಅಲ್ಲವೇ?

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮೂಲೆ. ಮಂಚದ ಮೇಲೆ ಕೂತ ಅಮ್ಮನ ಭುಜಕ್ಕೆ ಮಗಳು ಬಿಸಿನೀರಿನ ಬ್ಯಾಗು ಒತ್ತುತ್ತಾಳೆ. ತೋಳು ಕಿವಿಯ ಮಟ್ಟಕ್ಕೆ ಏಳುವುದಿಲ್ಲ; ತಲೆ ಬಾಚುವುದೂ ಮಗಳೇ. ಒಳಗಿನ ನಾರು ಅರ್ಧ ಹರಿದಿದೆ ಎಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಹರಿದರೆ ಆ ಕೈಯಿಂದ ದುಡಿಮೆ ಇಲ್ಲ.

"ಬಿಟ್ಟುಬಿಡಮ್ಮ ಅಂದ್ರೆ ಕೇಳಲ್ಲ ಇವಳು," ಎಂದು ಮಗಳು ಗೊಣಗುತ್ತಾಳೆ.

"ನಾನ್ಯಾಕೆ ಬಿಡಲಿ? ಕುಯ್ದವನು ಬಿಡಲಿ!"

ಕಳೆದ ವಾರ ನೀರಕ್ಕ ಚಾವಿಯನ್ನು ಪಕ್ಕದ ಬೀದಿಯ ವೆಲ್ಡರ್ ಹತ್ತಿರ ಒಯ್ದರು. ಅವನು ಎರಡೂ ತುದಿಗೆ ಅರ್ಧರ್ಧ ಮೊಳ ಕಂಬಿ ಬೆಸೆದು, ಕೂಲಿ ಕೇಳದೆ, "ಅಕ್ಕಾ, ನಮ್ಮ ಬೀದಿಗೆ ಮೊದಲು ಬಿಡು, ಲೆಕ್ಕ ಚುಕ್ತಾ," ಎಂದು ಕೊಟ್ಟ. "ಸರತಿ ಬಂದಾಗ ಬಿಡ್ತೀನಿ, ಮುಚ್ಚೋ ಬಾಯಿ," ಎಂದು ಇವರು ತಂದರು. ಸುದ್ದಿ ಆಫೀಸಿಗೆ ಮುಟ್ಟಿತು. ನಗರಸಭೆಯ ಸ್ವತ್ತು ತಿದ್ದಿದ್ದು ಅಪರಾಧವಂತೆ. ಸೋಮವಾರದೊಳಗೆ ಮೊದಲಿನಂತೆ ಕುಯ್ಸಿ ತಂದರೆ ಸರಿ, ಇಲ್ಲವಾದರೆ ಕೆಲಸಕ್ಕೆ ಬರಬೇಡಿ ಎಂದು ಸೂಪರ್‌ವೈಸರ್ ಹೇಳಿದ್ದಾರೆ.

ಗುಂಡಿಯ ಪಕ್ಕ ಆ ಚಾವಿ ಕಂಡರೆ ಕೆಲಸ ಹೋದೀತೆಂಬ ಭಯಕ್ಕೆ, ಮೊದಲು ನೋಡಿದ ಆ ಬೆಳಿಗ್ಗೆ ಅವರು ಆಫೀಸಿನ ಇನ್ನೊಂದು ಮೋಟು ಚಾವಿ ಹಿಡಿದು ಹೆಣಗುತ್ತಿದ್ದರು. ಶನಿವಾರ ಹಾಗಲ್ಲ. ಅದೇ ತಿರುವು, ಅದೇ ಮುಚ್ಚಳ. ಹೆಗಲ ಮೇಲೆ ಬೆಸುಗೆಯ ಉದ್ದ ಚಾವಿ. ಪಕ್ಕದಲ್ಲಿ ಓರಗಿತ್ತಿ. ಅವರೀಗ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾರೆ. ಆ ಕೆಲಸಕ್ಕೆ ಹೋಗುವ ಮುಂಚೆ, ಯಾರೂ ಕೊಡದ ಸಂಬಳಕ್ಕೆ, ಬಂದು ನಿಂತಿದ್ದಾರೆ.

"ಹಿಡ್ಕೊಳ್ಳೇ. ಬಲಗೈಯಲ್ಲಿ ನಾನು ಜೋರು ಹಾಕಲ್ಲ, ನೀನೇ ನೂಕು."

"ಆಯ್ತಕ್ಕ, ನೀನು ಸುಮ್ನೆ ಜೊತೆಗೆ ನಡಿ ಸಾಕು."

ಆ ತುದಿಯಲ್ಲೊಬ್ಬರು, ಈ ತುದಿಯಲ್ಲೊಬ್ಬರು. ಮೊದಲ ನೂಕಿಗೇ ವಾಲ್ವ್ ಸಡಿಲಾಗುತ್ತದೆ. ಇಬ್ಬರೂ ಗುಂಡಿಯನ್ನು ಸುತ್ತತೊಡಗುತ್ತಾರೆ. ನೆಲದಡಿಯಲ್ಲಿ ನೀರು ಬುಸ್ಸೆಂದು ನುಗ್ಗುವ ಸದ್ದು, ಹಿಂದೆಯೇ ಮನೆಮನೆಯ ಬಕೆಟ್ಟುಗಳ ಸದ್ದು.

ಸೋಮವಾರ ಏನು ಮಾಡುತ್ತೀರಿ ಎಂದರೆ ನೀರಕ್ಕ ನಿಲ್ಲುವುದಿಲ್ಲ, ಸುತ್ತುತ್ತಲೇ ಹೇಳುತ್ತಾರೆ.

"ಎಲ್ಲ ಬೀದಿಗೂ ನೀರು ಬಿಟ್ಟು, ಆಮೇಲೆ ಆಫೀಸಿಗೆ ಹೋಗ್ತೀನಿ. ಇವಳನ್ನೂ ಕರ್ಕೊಂಡು ಹೋಗ್ತೀನಿ. ಈ ಚಾವೀನ ಅವನ ಟೇಬಲ್ ಮೇಲೆ ಇಟ್ಟು ಹೇಳ್ತೀನಿ: ಕುಯ್ಯೋದಾದ್ರೆ ನನ್ನ ಕಣ್ಣೆದುರಿಗೆ ನೀನೇ ಕುಯ್ಯಿ, ನಾನಂತೂ ಕುಯ್ಸಲ್ಲ. ಕುಯ್ಯಲ್ಲ ಅಂದ್ರೆ, ಚಾವಿ ಒಂದು, ಸಂಬಳ ಎರಡು. ಅಷ್ಟೇ ನಾನು ಕೇಳೋದು."