ಹಾಜರಿ ಸರಿ, ಮತ ಅಮಾನ್ಯ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕೋಣೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಒಳಗೆ ನೇರಳೆ ಶಾಯಿಯ ಸ್ಟಾಂಪ್ ಪ್ಯಾಡ್. ಒಣಗಿ ಬಿರುಕು ಬಿಟ್ಟಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಆ ವಾಸನೆಗೆ ನನಗೆ ಮೊದಲು ಸಿಟ್ಟು ಬಂತು. ನೆನಪು ಆಮೇಲೆ ಬಂತು.

ಪ್ಯಾಡು ನಮ್ಮ ಮಾಲೀಕರ ಸಂಘದ ಹಳೆಯ ಸೆಕ್ರೆಟರಿಯದು. ಆತ ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರನ್ನು ಬೈಯಬೇಡ ಎಂದು ಆಫೀಸಿನ ಗೆಳತಿಯರು ಹೇಳುತ್ತಾರೆ. ಬದುಕಿದ್ದಾಗಲೂ ಬೈದಿದ್ದೇನೆ, ಈಗ ನಿಲ್ಲಿಸಲು ನನಗೆ ಕಾರಣ ಕಾಣುವುದಿಲ್ಲ.

ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿರುವ ಈ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ, ಒಂದೇ ಲಿಫ್ಟು. ಮೂರನೇ ಮಹಡಿಯ ಮನೆ ಕೊಂಡಾಗ ಪತ್ರವನ್ನು ನಾನು ಅವ್ವನ ಹೆಸರಿಗೇ ಮಾಡಿಸಿದೆ. ಹೆಗ್ಗನಹಳ್ಳಿಯ ಒಂದು ಕೋಣೆಯ ಬಾಡಿಗೆ ಮನೆಯಿಂದ ಬಸವೇಶ್ವರನಗರಕ್ಕೆ ನಡೆದುಹೋಗಿ, ನಾಲ್ಕು ಮನೆಯ ಪಾತ್ರೆ ತಿಕ್ಕಿ ನನ್ನನ್ನು ಬಿ.ಕಾಂ. ಓದಿಸಿದವಳು ಅವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಆದರೆ ಅವ್ವನ ಹೆಬ್ಬೆಟ್ಟಿನ ಬಗ್ಗೆ ಸಂಕೋಚವಿತ್ತು... ಅದನ್ನೂ ಹೇಳಿಬಿಡಬೇಕು.

ಸೆಕ್ರೆಟರಿ ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾಗಿದ್ದ. ಕಚೇರಿ ಆತನನ್ನು ಬಿಟ್ಟಿತ್ತು, ಆತ ಕಚೇರಿಯನ್ನು ಬಿಟ್ಟಿರಲಿಲ್ಲ. ಸಂಘದ ಸಭೆಯ ದಿನ ಪಾರ್ಕಿಂಗ್ ಜಾಗದ ಬಾಗಿಲಲ್ಲಿ ಮೇಜು ಹಾಕಿಸಿ ಕೂರುತ್ತಿದ್ದ. ಮೇಜಿನ ಮೇಲೆ ಹಾಜರಿ ಪುಸ್ತಕ, ಎಲ್ಲರ ಕ್ರಯಪತ್ರದ ಜೆರಾಕ್ಸುಗಳ ಫೈಲು, ಈ ಪ್ಯಾಡು, ಎರಡು ಪೆನ್ನು. ನೀಲಿ ಪೆನ್ನು ಒಪ್ಪಿಗೆಗೆ, ಕೆಂಪು ಪೆನ್ನು ತಳ್ಳಿಹಾಕುವುದಕ್ಕೆ. ಕೆಂಪೇ ಹೆಚ್ಚು ಸವೆಯುತ್ತಿತ್ತು.

ಒಬ್ಬೊಬ್ಬರ ಸಹಿಯನ್ನೂ ಪತ್ರದ ಸಹಿಯ ಪಕ್ಕ ಹಿಡಿದು ನೋಡುತ್ತಿದ್ದ. ಬಾಡಿಗೆಯವರನ್ನು ಹಿಂದಿನ ಸಾಲಿಗೆ ಕಳಿಸಿ, ಟೀ ಕುಡಿಯಬಹುದು, ಕೈ ಎತ್ತುವ ಹಾಗಿಲ್ಲ ಎನ್ನುತ್ತಿದ್ದ. ಒಬ್ಬರು ಊರಿಗೆ ಹೋಗುವಾಗ, ತಮ್ಮ ಬದಲು ಭಾವಮೈದುನ ಮತ ಹಾಕಲಿ ಎಂದು ಮದುವೆ ಕಾರ್ಡಿನ ಹಿಂದೆ ಬರೆದು ಕಳಿಸಿದ್ದರು. ಕಾರ್ಡನ್ನು ತಿರುಗಿಸಿ ನೋಡಿ, "ಮದುವೆಗೆ ಬರ್ತೀನಿ, ಮತ ತಗೊಳ್ಳಲ್ಲ" ಎಂದಿದ್ದ. ಎರಡನೇ ಮಹಡಿಯ ಇಂಜಿನಿಯರು ಕೈ ಎತ್ತಿದರೆ, "ಮನೆ ಮೇಡಂ ಹೆಸರಲ್ಲಿದೆ, ನೀವು ಕೈ ಇಳಿಸಿ ಸಾರ್" ಎನ್ನುತ್ತಿದ್ದ. ಜನ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮನೆ ಅವ್ವನ ಹೆಸರಿನಲ್ಲಿದ್ದುದರಿಂದ ಈ ಬಿ.ಕಾಂ. ಪದವೀಧರೆಗೂ ಹಿಂದಿನ ಸಾಲೇ, ಟೀಯೇ.

ಒಂದು ಮಳೆಗಾಲದಲ್ಲಿ ಲಿಫ್ಟಿನ ಪಕ್ಕ ನೋಟಿಸು ಬಿತ್ತು. ಮನೆಗೆಲಸದವರು ಇನ್ನು ಮೇಲೆ ಲಿಫ್ಟು ಬಳಸಬಾರದು, ಮೆಟ್ಟಿಲಲ್ಲೇ ಹತ್ತಬೇಕು, ಈ ಠರಾವಿನ ಮೇಲೆ ಮೂರು ವಾರ ಬಿಟ್ಟು ಸಭೆ. ಸೆಕ್ರೆಟರಿ ಅದರ ಪರವಾಗಿದ್ದ. ಲಿಫ್ಟು ಹಳೆಯದು, ಓಡಾಟ ಕಮ್ಮಿಯಾದಷ್ಟೂ ಒಳ್ಳೆಯದು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ತನ್ನ ಮೊಣಕಾಲಿಗಿಲ್ಲದ ನೋವು ಲಿಫ್ಟಿಗೆ ಇದೆ ಅನ್ನುವ ಹಾಗೆ.

ನಾನು ನೋಟಿಸು ಓದಿ ಹೇಳಿದಾಗ ಅವ್ವ, ಈ ಸಭೆಗೆ ನಾನು ಬರ್ತೀನಿ ಅಂದಳು. ಅದುವರೆಗೂ ಒಂದು ಸಭೆಗೂ ಬಂದವಳಲ್ಲ.

ಅವತ್ತೇ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದೆ. ಹೆಬ್ಬೆಟ್ಟು ಒತ್ತಿಸಿ ಆ ಜನರ ಮುಂದೆ ಅವಳನ್ನು ನಿಲ್ಲಿಸಲು ನನಗೆ ಇಷ್ಟವಿರಲಿಲ್ಲ. ಮೂರು ವಾರ, ದಿನಾ ಒಂದು ಪುಟ. ಅವ್ವನ ಹೆಸರಿನ ಕೊನೆಯ ಒತ್ತಕ್ಷರ ಯಾವಾಗಲೂ ಕೆಳಗಿನ ಗೆರೆಗೆ ಜಾರಿಬೀಳುತ್ತಿತ್ತು. "ಪಾತ್ರೆ ತಿಕ್ಕಿದ ಕೈ, ಸುತ್ತಾ ತಿರುಗುತ್ತೆ, ನೆಟ್ಟಗೆ ಓಡಲ್ಲ" ಎಂದು ತಾನೇ ನಗುತ್ತಿದ್ದಳು. ಕೊನೆಗೆ ಬಂತು. ನೋಡಿದವರು ಸಹಿ ಅನ್ನುವಷ್ಟು ಬಂತು.

ಸಭೆಯ ದಿನ ಅವ್ವ ಮೇಜಿನ ಮುಂದೆ ಬಗ್ಗಿ, ಉಸಿರು ಹಿಡಿದು ಸಹಿ ಹಾಕಿದಳು. ಸೆಕ್ರೆಟರಿ ಫೈಲು ತೆಗೆದ. ಸಹಿ ನೋಡಿದ, ಪತ್ರ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಪತ್ರದಲ್ಲಿ ಹೆಬ್ಬೆಟ್ಟಿದೆ. ಇಲ್ಲಿ ಸಹಿ ಇದೆ. ಎರಡೂ ಒಬ್ಬರದೇ ಅಂತ ನಾನು ಹೆಂಗಮ್ಮ ಬರೀಲಿ?"

ಎದುರಿಗೇ ನಿಂತಿದ್ದಾರಲ್ಲ, ಪತ್ರದಲ್ಲಿ ಫೋಟೋನೂ ಇದೆಯಲ್ಲ ಎಂದೆ.

"ಫೋಟೋದಲ್ಲಿರೋರಿಗೆ ಸಹಿ ಬರುತ್ತೆ ಅಂತ ಪತ್ರ ಹೇಳಲ್ವಲ್ಲ. ಹೆಬ್ಬೆಟ್ಟು ಒತ್ಲಿ. ಇಬ್ಬರು ಸದಸ್ಯರು ಸಾಕ್ಷಿ ಹಾಕ್ಲಿ. ಮತ ತಗೋತೀನಿ."

ಪ್ಯಾಡಿನ ಮುಚ್ಚಳ ತೆಗೆದು ಅವ್ವನ ಕಡೆ ತಳ್ಳಿದ. ನೆಲಮಹಡಿಯ ಆಂಟಿ, ನಾನು ಸಾಕ್ಷಿ ಹಾಕ್ತೀನಿ ಎಂದು ಎದ್ದರು. ಅವ್ವ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿಯೂ ಬಿಟ್ಟಿದ್ದಳು. ನಾನು ಅವಳ ಮಣಿಕಟ್ಟು ಹಿಡಿದು ಎಳೆದೆ.

"ನಮ್ಮವ್ವಂಗೆ ಸಹಿ ಬರುತ್ತೆ. ಹೆಬ್ಬೆಟ್ಟು ಒತ್ತಲ್ಲ. ತಗೊಂಡ್ರೆ ಸಹಿ ತಗೊಳ್ಳಿ, ಇಲ್ಲಾಂದ್ರೆ ಬಿಡಿ."

ಆತ ಸ್ವಲ್ಪ ಹೊತ್ತು ಕಾದ. ಆಗ ಆತನ ಕೈಯಲ್ಲಿದ್ದದ್ದು ನೀಲಿ ಪೆನ್ನು, ಮುಚ್ಚಳ ತೆಗೆದಿತ್ತು. ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಆಮೇಲೆ ಅದನ್ನು ಮುಚ್ಚಿ ಕೆಂಪು ಪೆನ್ನು ತೆಗೆದುಕೊಂಡ.

ಠರಾವಿನ ಪರ ಹತ್ತು ಕೈ, ವಿರುದ್ಧ ಒಂಬತ್ತು. ಸಮ ಬಂದರೆ ಠರಾವು ಬಿದ್ದುಹೋಗುತ್ತದೆ ಎಂದು ನಮ್ಮ ಬೈಲಾದಲ್ಲಿತ್ತು. ಸಮ ಬರಲಿಲ್ಲ. ಅವ್ವ ನನ್ನ ಪಕ್ಕ ಹಿಂದಿನ ಸಾಲಿನಲ್ಲಿ ಕೂತು ಸೆರಗಿನ ತುದಿಗೆ ಹೆಬ್ಬೆಟ್ಟು ಒರೆಸಿಕೊಳ್ಳುತ್ತಿದ್ದಳು.

ಮೇಲೆ ಹೋಗುವಾಗ ನಾನು ಲಿಫ್ಟಿನ ಗುಂಡಿ ಒತ್ತಿದೆ. ಅವ್ವ ಮೆಟ್ಟಿಲ ಕಡೆ ತಿರುಗಿದಳು. "ಒತ್ತಿದ್ರೆ ಏನಾಗ್ತಿತ್ತು ಮಗ?" ಅಂದಳು, ಅಷ್ಟೇ. ಅವತ್ತಿನಿಂದ ಸಾಯುವ ತನಕ ಅವ್ವ ಆ ಲಿಫ್ಟು ಹತ್ತಲಿಲ್ಲ. ಬೆಳಿಗ್ಗೆ ಕೆಲಸದ ಹೆಂಗಸರ ಜೊತೆ ಮಾತಾಡಿಕೊಂಡು, ಮಹಡಿಗೊಮ್ಮೆ ನಿಂತು ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದಳು. ಅವಳು ಹತ್ತುವುದನ್ನು ನೋಡಿದಾಗಲೆಲ್ಲ ನಾನು ಮನಸ್ಸಿನಲ್ಲಿ ಆ ಮನುಷ್ಯನನ್ನು ಶಪಿಸುತ್ತಿದ್ದೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆ. ಆತ ಸತ್ತಾಗ ಕಟ್ಟಡದವರೆಲ್ಲ ಕೆಳಗಿಳಿದು ಹೋದರು. ನಾನು ಹೋಗಲಿಲ್ಲ. ಅವ್ವ ಹೋದಳು, ಮೆಟ್ಟಿಲಿಳಿದು.

ಈಗ ನಮ್ಮಲ್ಲಿ ಸಭೆಗಳಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕುತ್ತಾರೆ. ಗಂಡ ಒಂದು ಒತ್ತುತ್ತಾನೆ, ಹೆಂಡತಿ ಇನ್ನೊಂದು. ಖಾಲಿ ಮಾಡಿ ರಾಜರಾಜೇಶ್ವರಿನಗರಕ್ಕೆ ಹೋದ ಬಾಡಿಗೆಯವನೊಬ್ಬ ಈಗಲೂ ಒತ್ತುತ್ತಾನೆ. ಯಾರೂ ಕೇಳುವುದಿಲ್ಲ. ನೆಲಮಾಳಿಗೆಯ ಕೋಣೆಯನ್ನು ಜಿಮ್ ಮಾಡುವುದು ಹಾಗೇ ಪಾಸಾಯಿತು. ಹಳೆಯ ಕಾಗದವೆಲ್ಲ ರದ್ದಿಗೆ ಹೋಗುವ ಮೊದಲು ಬೇಕಾದ್ದಿದ್ದರೆ ತೆಗೆದುಕೊಳ್ಳಿ ಎಂದಿದ್ದರು. ನನ್ನ ಮನೆಯ ಪತ್ರದ ಜೆರಾಕ್ಸು ಬೀದಿಗೆ ಬೀಳಬಾರದೆಂದು ಹೋಗಿದ್ದೆ.

ಆ ಡಬ್ಬಿಯ ಕೆಳಗೆ ಹಾಜರಿ ಪುಸ್ತಕವಿತ್ತು. ಆ ಸಭೆಯ ಪುಟ ಸಿಕ್ಕಿತು. ಅವ್ವನ ಸಹಿ ಇತ್ತು, ಒತ್ತಕ್ಷರ ಕೆಳಗಿನ ಗೆರೆಗೆ ಜಾರಿತ್ತು. ಕೆಂಪು ಗೆರೆ ಎಳೆದು ಹೊಡೆದುಹಾಕಿರುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಸಹಿಯನ್ನು ಮುಟ್ಟಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸಣ್ಣದಾಗಿ ಬರೆದಿದ್ದ:

"ಸದಸ್ಯೆ ಖುದ್ದು ಹಾಜರು. ಹಾಜರಿ ಸರಿ, ಮತ ಅಮಾನ್ಯ. ಹೆಬ್ಬೆಟ್ಟಿಗೆ ಸಾಕ್ಷಿ ಹಾಕಲು ನೆಲಮಹಡಿಯ ಸದಸ್ಯೆ ಹಾಗೂ ಕಾರ್ಯದರ್ಶಿ ಸಿದ್ಧರಿದ್ದರು. ಮಗಳು ಒಪ್ಪಲಿಲ್ಲ."

ಕಾರ್ಯದರ್ಶಿ ಎಂದರೆ ಆತನೇ... ತನ್ನ ಠರಾವನ್ನು ಬೀಳಿಸುವ ಮತಕ್ಕೆ ತಾನೇ ಸಾಕ್ಷಿ ಹಾಕಲು ನೀಲಿ ಪೆನ್ನು ತೆರೆದು ಕೂತಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೇ, ಗೊತ್ತಿಲ್ಲ. ಇಷ್ಟಕ್ಕೇ ನಾನು ಆತನನ್ನು ಕ್ಷಮಿಸಿಬಿಡುವುದಿಲ್ಲ. ಕೆಲಸದವರು ಮೆಟ್ಟಿಲು ಬಳಸಬೇಕು ಎಂದು ಲಿಫ್ಟಿನ ಪಕ್ಕ ಹಾಕಿದ ಫಲಕ ಇನ್ನೂ ಅಲ್ಲೇ ಇದೆ, ಅದಕ್ಕೆ ಕೈ ಎತ್ತಿದವನು ಆತ. ಆದರೆ ಅವ್ವನ ಮಣಿಕಟ್ಟು ಹಿಡಿದ ಕೈ ಆತನದಲ್ಲ.

ಆ ಪುಟ ಹರಿದುಕೊಳ್ಳೋಣ ಅನ್ನಿಸಿತು. ಕಾಪಿ ಪುಸ್ತಕವನ್ನು ನಾನೇ ಎಂದೋ ರದ್ದಿಗೆ ಹಾಕಿದ್ದೆ. ಅವ್ವನ ಸಹಿ ಉಳಿದಿರುವುದು ಆ ಒಂದು ಪುಟದಲ್ಲಿ ಮಾತ್ರ. ಆದರೆ ಸಹಿ ಹರಿದುಕೊಂಡರೆ ಅದರ ಪಕ್ಕದ ಸಾಲೂ ಜೊತೆಗೇ ಬರುತ್ತದೆ. ಮೇಲಾಗಿ ಪ್ರತಿ ಪುಟದ ಮೂಲೆಗೂ ಆತ ಸಂಖ್ಯೆ ಹಾಕಿ ಸಹಿ ಮಾಡಿದ್ದ, ಒಂದು ಹಾಳೆ ಹೋದರೂ ಗೊತ್ತಾಗಲೆಂದು.

ಈಗ ಎಣಿಸಿ ನೋಡುವವರು ಯಾರೂ ಇಲ್ಲ. ಆದರೂ ಹರಿಯಲಿಲ್ಲ. ಪುಸ್ತಕವನ್ನು ಇಡಿಯಾಗಿ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.