ತೊಲೆಯ ಕಬ್ಬಿಣದ ಬಳೆ

ಹೋದ ಭಾನುವಾರ ವಾಡೆಯ ಒಳಕೋಣೆಯ ಹಗ್ಗ ಬದಲಿಸಿದೆವು. ಸವೆದ ಹಳೆಯದನ್ನು ನಾನೇ ಮನೆಗೆ ತಂದೆ. ಚೀಲದಿಂದ ತೆಗೆದರೆ ಕುಸುಬಿ ಎಣ್ಣೆಯ ವಾಸನೆ. ಬಂದ ಕೂಡಲೇ ಬಾಗಿಲ ತಿರುಗಣಿಗಳಿಗೆ ಎಣ್ಣೆ ಬಿಟ್ಟು, ಕೈ ಒರೆಸಿಕೊಳ್ಳದೆ ಈ ಹಗ್ಗ ಹಿಡಿದು ಮಾತಿಗೆ ನಿಲ್ಲುತ್ತಿದ್ದವರು ಒಬ್ಬರೇ... ನಮ್ಮ ಅಕ್ಕೋರು.

ಅಕ್ಕೋರು ಎಂದರೆ ನಮ್ಮ ಕಡೆ ಕನ್ನಡ ಸಾಲಿಯ ಟೀಚರು. ಇವರು ನಿವೃತ್ತರಾಗಿ ಗಂಗಾವತಿಯಲ್ಲಿದ್ದರು. ಕನಕಗಿರಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಹಳೇ ದೊಡ್ಡಮನೆ, ಅಂದರೆ ಈ ವಾಡೆಯನ್ನು ಅದರ ಯಜಮಾನರು ಭಾನುವಾರಗಳಂದು ಜನರಿಗೆ ತೆರೆದಾಗ, ಕೋಣೆಗೊಬ್ಬರಂತೆ ನಿಂತು ವಿವರಿಸಲು ನಾವು ಕೆಲವರು ಸಂಬಳವಿಲ್ಲದೆ ಒಪ್ಪಿಕೊಂಡೆವು. ನನಗೆ ಪಡಸಾಲೆ ಬಂತು. ತೂಗುಮಣೆ, ಕತ್ತಿ, ಕೆತ್ತಿದ ಕಂಬ... ಹೇಳಲು ಬೇಕಾದಷ್ಟಿತ್ತು. ಅಕ್ಕೋರು ಮಾತ್ರ ಕಿಟಕಿಯೂ ಇಲ್ಲದ ಬರಿಯ ಒಳಕೋಣೆಯನ್ನು ತಾವಾಗಿಯೇ ಕೇಳಿ ಪಡೆದರು. ಅಲ್ಲಿದ್ದದ್ದು ಮೂಲೆಯಲ್ಲಿ ತೊಲೆಗೆ ಬಡಿದ ಒಂದು ಕಬ್ಬಿಣದ ಬಳೆ, ಅಷ್ಟೇ. ಅದು ಯಾಕಿತ್ತೆಂದು ಮನೆಯವರಿಗೂ ಗೊತ್ತಿರಲಿಲ್ಲ.

ಖಾಲಿ ಯಾಕೆ ಬಿಡಬೇಕೆಂದು ಯಜಮಾನರು ಬಳೆಗೊಂದು ಹಿತ್ತಾಳೆಯ ತೂಗುದೀಪ ತಗುಲಿಸಿದ್ದರು. ಒಳಗೆ ಹೋದವರು ಹಣೆ ಬಡಿಸಿಕೊಂಡು "ಯವ್ವಾ" ಎನ್ನುತ್ತ ಹೊರಬರುತ್ತಿದ್ದರು. ಪಡಸಾಲೆಯಲ್ಲಿ ನಾನು ನಗು ತಡೆಯಲಾರದೆ ಒದ್ದಾಡುತ್ತಿದ್ದೆ. ಅಕ್ಕೋರು ನಗಲಿಲ್ಲ. ಸ್ಟೂಲು ಹತ್ತಿ ತೊಲೆಯನ್ನೇ ನೋಡಿದರು.

"ಇಲ್ಲಿ ದೀಪ ಇದ್ದಿದ್ರ ತೊಲಿಗಿ ಮಸಿ ಹತ್ತಬೇಕಿತ್ತಲ್ಲ? ಒಂದು ಚೂರೂ ಇಲ್ಲ ನೋಡು" ಎಂದವರೇ ದೀಪ ಇಳಿಸಿಬಿಟ್ಟರು.

ಯಜಮಾನರಿಗೆ ಸಿಟ್ಟು ಬಂತು. "ಬರೀ ಗೋಡಿ ತೋರಿಸಾಕ ಮಂದೀನ ಕರೀಬೇಕೇನ್ರಿ? ಉಗಾದಿ ಆದ ಮ್ಯಾಲ ಈ ಖೋಲಿಗಿ ಕೀಲಿ ಹಾಕಿ ಕುರ್ಚಿ ತುಂಬ್ತೀನಿ."

ನಾನು ಸುಲಭದ ದಾರಿ ಹೇಳಿದೆ. "ರಾಣಿ ತೊಟ್ಟಿಲಾ ಕಟ್ಟತಿದ್ಲು ಅಂದುಬಿಡ್ರಿ ಅಕ್ಕೋರೆ. ಯಾರು ಕೇಳ್ತಾರ?"

"ನಾ ಕೇಳ್ತೀನಲ್ಲ! ಮೂಲ್ಯಾಗ ತೊಟ್ಟಿಲಾ ತೂಗಿದ್ರ ಕೂಸಿನ ತಲಿ ಗೋಡಿಗಿ ಬಡಿತೈತಿ."

ಅಂದಿನಿಂದ ಬಂದವರಿಗೆ ಏನನ್ನೂ ವಿವರಿಸುವುದನ್ನೇ ಬಿಟ್ಟರು. ಬಾಗಿಲ ಎಡಕ್ಕೆ ನಿಂತು, "ಇದು ಏನಿರಬೌದು, ನೀವ ಹೇಳ್ರಿ" ಎನ್ನುತ್ತಿದ್ದರು. ಇಲಿ ಮುಟ್ಟದಂತೆ ಬೀಜದ ತೆನೆ ತೂಗುಹಾಕಲು ಎಂದರು ಒಬ್ಬ ರೈತರು. ತಕ್ಕಡಿಗೆ ಎಂದರು ಕೊಪ್ಪಳದ ವ್ಯಾಪಾರಿ. ತಾಲೀಮಿಗೆ ಎಂದು ತೋಳು ಏರಿಸಿ ತೋರಿಸಿದವರೂ ಇದ್ದರು. ಅಕ್ಕೋರು ಎಲ್ಲರ ಮಾತನ್ನೂ ಕುತ್ತಿಗೆ ಓರೆ ಮಾಡಿ ಕೇಳಿ, ಆಮೇಲೆ ಬಳೆಯ ಕೆಳಗೆ ಗೋಡೆಯ ಬುಡ ತೋರಿಸುತ್ತಿದ್ದರು. ಅಲ್ಲಿ ಗಾರೆ ಸವೆದು ಎರಡು ತಗ್ಗುಗಳಾಗಿದ್ದವು. "ಹಂಗಾರ ಇವು ಯಾಕ ಆದುವ್ರಿ?" ಎಂದರೆ ಬಂದವರು ಬಗ್ಗಿ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು.

ಉಗಾದಿ ಹತ್ತಿರ ಬಂದಂತೆ ಅವರೂ ಸೋತರು. "ಸುಳ್ಳು ಹೇಳಿ ಖೋಲಿ ಉಳಿಸ್ಕೊಳ್ಳಲೇನ, ಗೊತ್ತಿಲ್ಲ ಅಂದು ಕಳ್ಕೊಳ್ಳಲೇನ?" ಎಂದು ನನ್ನನ್ನು ಕೇಳಿದರು.

ಹಬ್ಬದ ಹಿಂದಿನ ಭಾನುವಾರ ಹನುಮಸಾಗರದ ಒಬ್ಬ ಅಜ್ಜಿ, ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆಸಿಕೊಂಡು, ಸೊಸೆಯ ಜೊತೆ ವಾಡೆಗೆ ಬಂದಳು. ಅವರ ಹಿಂದೆ ನಾನೂ ಒಳಕೋಣೆಗೆ ಹೋದೆ. ಅಕ್ಕೋರು ಎಂದಿನಂತೆ ಕೇಳಿದರು. ಅಜ್ಜಿ ಬಳೆ ನೋಡಿದಳು, ಗೋಡೆಯ ಬುಡ ನೋಡಿದಳು. ಕೋಲನ್ನು ಸೊಸೆಯ ಕೈಗೆ ಕೊಟ್ಟು ಮೆಲ್ಲಗೆ ನೆಲಕ್ಕೆ ಕೂತಳು. ಎರಡೂ ಪಾದಗಳನ್ನು ಆ ತಗ್ಗುಗಳಿಗೆ ಒತ್ತಿ, ಕೈಗಳನ್ನು ಮೇಲೆತ್ತಿ ಮುಷ್ಟಿ ಬಿಗಿದಳು.

"ಹಗ್ಗ ಎಲ್ಲಿ ಐತಿ?" ಎಂದಳು. "ಹಗ್ಗ ಇಲ್ಲದ ಹೆಂಗ ಹಡಿಯೂದು?"

ತವರಿನ ಒಳಕೋಣೆಯಲ್ಲಿ ಇಂಥದೇ ಬಳೆಗೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದು ತನ್ನ ಮಕ್ಕಳನ್ನೆಲ್ಲ ಹಡೆದಿದ್ದಳಂತೆ. ಅಕ್ಕೋರು ಅವಳ ಪಕ್ಕದಲ್ಲೇ ಕುಸಿದು ಕೂತು ಅಳತೊಡಗಿದರು. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಸದ್ದು ಕೇಳಿ ಬಂದ ಯಜಮಾನರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಹಂಗಾರ ನಮ್ಮಪ್ಪ ಹುಟ್ಟಿದ್ದು ಇಲ್ಲೇ ಏನ್ರಿ?" ಎಂದವರು ಚಪ್ಪಲಿ ಕಳಚಿ ಒಳಗೆ ಬಂದರು. ಮರುವಾರ ನೂಲಿನ ಹಗ್ಗವನ್ನು ತಾವೇ ತಂದು ಬಳೆಗೆ ಕಟ್ಟಿದರು. ಕುರ್ಚಿಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಪಡಸಾಲೆಯಲ್ಲಿ ನನ್ನ ಕತ್ತಿಯನ್ನು ಕೇಳುವವರೇ ಇಲ್ಲ! ಹೆಂಗಸರೆಲ್ಲ ಹಗ್ಗ ಹಿಡಿದು ತಮ್ಮ ತಮ್ಮ ಹೆರಿಗೆಯ ಕಥೆ ಹೇಳುತ್ತ ಒಳಕೋಣೆಯಲ್ಲೇ ಉಳಿಯುತ್ತಿದ್ದರು. ಅಕ್ಕೋರಿಗೆ ಪ್ರತಿ ಕಥೆಯೂ ಹೊಸದು. "ಮುಂದ? ಮುಂದೇನಾತ್ರಿ?" ಎನ್ನುವ ಅವರ ದನಿ ನನ್ನವರೆಗೂ ಕೇಳುತ್ತಿತ್ತು...

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಈಗ ಒಳಕೋಣೆ ನನ್ನ ಪಾಲಿಗೆ ಬಂದಿದೆ. ನಾನು ಬಾಗಿಲ ಬಲಕ್ಕೆ ನಿಲ್ಲುತ್ತೇನೆ, ಎಡಕ್ಕೆ ನಿಲ್ಲಲು ಮನಸ್ಸಾಗುವುದಿಲ್ಲ. ಅವರಿಲ್ಲದೆ ಭಾನುವಾರ ಬೇಗ ಸಾಗುವುದೂ ಇಲ್ಲ. ಹಗ್ಗ ಬದಲಿಸಿದ ದಿನವೇ ಒಬ್ಬ ಹುಡುಗಿ ಹೊಸ ಹಗ್ಗ ತೋರಿಸಿ "ಇದು ಯಾಕ್ರಿ?" ಎಂದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನೀವ ಹೇಳ್ರಿ, ಏನಿರಬೌದು?" ಎಂದೆ. ಅವಳು ಹಗ್ಗ ಹಿಡಿದು ಮೂಸಿ ನೋಡಿ, ಅಂಗಡಿಯ ವಾಸನೆ ಎಂದು ನಕ್ಕಳು.

ನಿಜ, ಹೊಸ ಹಗ್ಗಕ್ಕೆ ಅವರ ವಾಸನೆಯಿಲ್ಲ. ಬರುವ ಭಾನುವಾರ ತಿರುಗಣಿಗಳಿಗೆ ನಾನೇ ಎಣ್ಣೆ ಬಿಡುತ್ತೇನೆ. ಕೈ ಒರೆಸಿಕೊಳ್ಳುವುದಿಲ್ಲ.