ಹಣೆ ದೇವರಿಗೆ, ಗದ್ದ ಚೀಟಿಗೆ

ಮೊನ್ನೆ ಮನೆಯವಳು ಚಟ್ನಿಗೆ ಹುರಿಗಡಲೆ ಇಲ್ಲವೆಂದು ನನ್ನನ್ನು ಬೋಗಾದಿಯ ಹೊಸ ಅಂಗಡಿಗೆ ಅಟ್ಟಿದಳು. ಅಂಗಡಿಯೆಂದರೆ ಮೆಟ್ಟಿಲ ಮೇಲೆ ನಿಂತು ಕೂಗಿ ಕೇಳುವಂಥದ್ದಲ್ಲ. ಬುಟ್ಟಿ ಹಿಡಿದು ಒಳಗೆ ಹೋಗಿ ನಾವೇ ಹುಡುಕಿಕೊಳ್ಳಬೇಕು. ನಾನು ಸೀದಾ ಬೇಳೆಕಾಳಿನ ಸಾಲಿಗೆ ನಡೆದೆ. ತೊಗರಿ ಇತ್ತು, ಹೆಸರು ಇತ್ತು, ಅಲಸಂದೆ ಇತ್ತು, ಹಸಿ ಕಡಲೆಯೂ ಇತ್ತು. ಹುರಿಗಡಲೆ ಮಾತ್ರ ಇಲ್ಲ. ಬೇರೆಯವರಾಗಿದ್ದರೆ ಗೊಣಗಿಕೊಂಡು ಹೊರಗೆ ಬರುತ್ತಿದ್ದರೇನೋ. ನನಗೆ ಕುತೂಹಲ ಹತ್ತಿತು. ಇದನ್ನು ಜೋಡಿಸಿದವರ ತಲೆಯಲ್ಲಿ ಹುರಿಗಡಲೆ ಏನಾಗಿರಬಹುದು? ಕಾಳೋ, ಅಡುಗೆ ಸಾಮಾನೋ, ಬಾಯಾಡಿಸುವ ತಿಂಡಿಯೋ? ತಲೆಯ ಮೇಲೆ ತೂಗುವ ಹಲಗೆಗಳನ್ನು ಒಂದೊಂದಾಗಿ ಓದುತ್ತಾ ನಿಂತುಬಿಟ್ಟೆ. ಮನೆಯಲ್ಲಿ ಒಗ್ಗರಣೆ ಕಾಯುತ್ತಿದೆ ಎನ್ನುವುದೂ ಮರೆತುಹೋಯಿತು.

ಈ ಚಟ ನನಗೆ ಅಂಟಿದ್ದು ಕಡಕೊಳದ ಕಾರ್ಖಾನೆಯಲ್ಲಿ. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಸುರಿದು ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ ಅದು. ನಾನು ಅಲ್ಲಿನ ಸ್ಟೋರ್ಸು ನೋಡಿಕೊಳ್ಳುತ್ತಿದ್ದೆ. ಮಿಷನ್ನು ಕೆಟ್ಟರೆ ಬೇಕಾಗುವ ಬೇರಿಂಗು, ಬೆಲ್ಟು, ವಾಷರು, ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಸೀಲು ಎಲ್ಲವೂ ನನ್ನ ಹದ್ದುಬಸ್ತಿನಲ್ಲಿ. ಶಾಲೆಯನ್ನು ಏಳನೇ ಕ್ಲಾಸಿಗೇ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಸಾಮಾನು ಕಟ್ಟಿ ಬಂದ ಕಾಗದ ಎಲ್ಲವನ್ನೂ ಓದಿ ಓದಿ ಇಂಗ್ಲಿಷನ್ನೂ ಒಂದಿಷ್ಟು ಒಲಿಸಿಕೊಂಡವನು. ನನ್ನ ಅಕ್ಷರ ದುಂಡಗೆ ಮುತ್ತು ಪೋಣಿಸಿದ ಹಾಗಿತ್ತು. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ಬೇರೆ ಮಾತು.

ಆದರೆ ಆ ಮುತ್ತಿನಂಥ ಅಕ್ಷರದಲ್ಲಿ ಸ್ಟೋರ್ಸಿನ ಒಂದು ಡಬ್ಬದ ಮೇಲೂ ನಾನು ಏನೂ ಬರೆದಿರಲಿಲ್ಲ. ಯಾಕೆ ಬರೆಯಬೇಕು? ಎಲ್ಲಾ ನನ್ನ ತಲೆಯಲ್ಲಿತ್ತಲ್ಲ. ಯಾರು ಏನು ಕೇಳಿದರೂ ಹಿಂದೆ ತಿರುಗದೆ ಕೈ ಚಾಚಿ ತೆಗೆದುಕೊಡುತ್ತಿದ್ದೆ. ಆ ಗತ್ತು ನೀವು ನೋಡಬೇಕಿತ್ತು.

ಗತ್ತಿಗೆ ಪೊರೆ ಬಂತು. ಎರಡೂ ಕಣ್ಣಿಗೆ. ಒಂದಾದ ಮೇಲೊಂದು ಆಪರೇಷನ್ ಆಗಬೇಕು, ಆಮೇಲೆ ಕಣ್ಣು ಮಾಯುವವರೆಗೂ ಧೂಳಿನ ಕಡೆ ಸುಳಿಯಬಾರದು ಎಂದರು ಡಾಕ್ಟರು. ಸ್ಟೋರ್ಸಿನಲ್ಲಿ ನನ್ನ ಜೊತೆಗಿದ್ದವಳು ರಾಜಮ್ಮ ಒಬ್ಬಳೇ. ನಂಜನಗೂಡಿನ ಕಡೆಯ ಹೆಣ್ಣುಮಗಳು. ಮೊದಲು ಮರಳಿನ ವಿಭಾಗದಲ್ಲಿದ್ದು, ಅಲ್ಲಿನ ಧೂಳಿಗೆ ಉಬ್ಬಸ ಹಿಡಿದು, ಅವರಿವರ ಕೈಕಾಲು ಹಿಡಿದು ನನ್ನ ಕಡೆಗೆ ಬಂದಿದ್ದಳು. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, “ನೀವು ರಜೆ ಹೋಗಿ, ಬೇಡ ಅನ್ನಲ್ಲ. ಆದ್ರೆ ಸಾಮಾನು ಸಿಗದೆ ಒಂದ್ಸಲ ಮಿಷನ್ ನಿಂತ್ರೂ ಹೊರಗಿನೋರನ್ನ ತಂದು ಕೂರಿಸ್ತೀನಿ. ಆಯಮ್ಮ ಮತ್ತೆ ಮರಳಿಗೇ ಹೋಗ್ಲಿ,” ಎಂದರು.

ರಾಜಮ್ಮನಿಗೆ ಹೇಳಿದೆ. ಅವಳು ಡಬ್ಬಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದಳು. ಆಮೇಲೆ, “ಆ ಧೂಳಿಗೆ ವಾಪಸ್ ಹೋದ್ರೆ ನಾನು ಉಳಿಯಲ್ಲ ಕಣಣ್ಣ. ನಿಮ್ಮ ತಲೇಲಿ ಇರೋದನ್ನೆಲ್ಲ ಡಬ್ಬದ ಮೇಲೆ ಬರ್ದು ಹೋಗ್ಬುಡಿ,” ಎಂದಳು.

ಬರೆದೆ. ಕಂಪನಿಯಿಂದ ಬಂದ ರಟ್ಟುಗಳ ಮೇಲಿದ್ದ ಹೆಸರನ್ನೇ ನೋಡಿಕೊಂಡು, ಒಂದಕ್ಷರ ತಪ್ಪದಂತೆ, ಇಂಗ್ಲಿಷಿನಲ್ಲಿ. ಚೀಟಿಗಳನ್ನು ಡಬ್ಬಗಳಿಗೆ ಅಂಟಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಸ್ಟೋರ್ಸು ದೊಡ್ಡ ಆಸ್ಪತ್ರೆಯ ಔಷಧಿ ಅಂಗಡಿಯ ಹಾಗೆ ಕಾಣುತ್ತಿತ್ತು. ರಾಜಮ್ಮ ಬಂದು ನನ್ನ ಪಕ್ಕ ನಿಂತಳು.

“ಅಣ್ಣ, ಇದನ್ನ ಯಾರಿಗೆ ಬರ್ದಿದ್ದೀರಿ?”

“ಎಲ್ರಿಗೂ ಕಣಮ್ಮ.”

“ಎಲ್ರಿಗೂ ಅಂದ್ರೆ? ಇದನ್ನ ಓದೋರು ನೀವು, ಬುಟ್ರೆ ಸಾಹೇಬ್ರು. ಸಾಹೇಬ್ರು ಯಾವತ್ತಾದ್ರೂ ವಾಷರ್ ಕೇಳ್ಕೊಂಡು ಇಲ್ಲಿಗೆ ಬಂದವ್ರಾ?”

ಕೋಪ ಬಂತು, ನಿಜ. ಆದರೆ ಮಾತು ತಲೆಯೊಳಗೆ ಹೊಕ್ಕು ಕೊರೆಯತೊಡಗಿತು. ಅಲ್ಲಿಯವರೆಗೂ ನಾನು ಚೀಟಿಯೆಂದರೆ ಸಾಮಾನಿನ ಹೆಸರು ಎಂದುಕೊಂಡಿದ್ದೆ. ಹುಡುಕಿ ಬಂದವನ ಬಾಯಲ್ಲಿ ಆ ಸಾಮಾನಿಗೆ ಏನು ಹೆಸರು ಎಂದು ಯೋಚಿಸಿದವನೇ ಅಲ್ಲ. ಅಂದಿನಿಂದ ಕೌಂಟರಿನ ಹಿಂದೆ ನಾವಿಬ್ಬರೂ ಕಿವಿಯಾಗಿ ಕುಳಿತೆವು. ಎಂಥ ಮಜವಾದ ಲೋಕ ಅದು! ಇಷ್ಟು ವರ್ಷ ಕೇಳಿಸಿಕೊಂಡಿದ್ದೆ, ಕೇಳಿರಲಿಲ್ಲ. ಯಾರೊಬ್ಬರೂ ಸಾಮಾನಿನ ಹೆಸರು ಹೇಳುತ್ತಿರಲಿಲ್ಲ. ಕೆಲವರು ಮಿಷನ್ನಿನ ಕಾಯಿಲೆ ಹೇಳುತ್ತಿದ್ದರು, ಕೆಲವರು ಆಕಾರ ಹೇಳುತ್ತಿದ್ದರು, ಕೆಲವರು ಬರೀ ಕೈಸನ್ನೆ. ಫಿಟ್ಟರ್ ನಂಜುಂಡನಂತೂ ಪಶುವೈದ್ಯನ ಹಾಗೆ ಮಾತಾಡುತ್ತಿದ್ದ.

“ಅಕ್ಕೋ, ಆ ದೊಡ್ಡ ಮಿಷನ್ನು ಮೂಗು ಸೋರಿಸ್ಕಂಡು ನಿಂತದೆ. ಅದಕ್ಕಾಕೋ ರಬ್ಬರ್ ಉಂಗ್ರ ಕೊಡಕ್ಕೋ.”

“ಯಾವ್ ಬೆರಳಿಗೆ ಕಣಪ್ಪ?” ಎನ್ನುವಳು ರಾಜಮ್ಮ.

“ನಮ್ಮತ್ತೆ ಮಗ್ಳಿಗಲ್ಲ ಬುಡಕ್ಕೋ, ಮಿಷನ್ನಿಗೆ!”

ಬಾಗಿದ ಪೈಪಿನ ತುಂಡೊಂದಿತ್ತು. ಅದನ್ನು ಎಲ್ಲರೂ ಮಾವನ ಮೂಗು ಎನ್ನುತ್ತಿದ್ದರು. ಯಾರ ಮಾವ ಎಂದು ವಿಚಾರಿಸಿದೆ; ಗೊತ್ತಾಗಲಿಲ್ಲ. ಹಾಗೇ ಬರೆದೆವು. ಮೇಲೆ ದಪ್ಪಗೆ ಜನರ ಮಾತು, ಅಡಿಯಲ್ಲಿ ಸಣ್ಣಗೆ ಕಂಪನಿಯ ಮಾತು. ಸಾಹೇಬರು ನೋಡಿ, “ಇದೇನ್ರೀ ಮಾವನ ಮೂಗು? ಆಡಿಟ್‌ನವರು ಬಂದ್ರೆ ಏನು ಹೇಳ್ಲಿ?” ಎಂದರು. “ಅಡೀಲಿ ಕಂಪನಿ ಹೆಸ್ರೂ ಅದೆ ಸಾರ್, ಅದನ್ನ ತೋರ್ಸಿ,” ಎಂದಳು ರಾಜಮ್ಮ. ಅವರ ಮೀಸೆಯಡಿ ನಗು ಸುಳಿದದ್ದು ನನ್ನ ಮಂಜು ಕಣ್ಣಿಗೂ ಕಾಣಿಸಿತು.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಆಯುಧಪೂಜೆ ಬಂತು.

ಮೈಸೂರಿನವರಿಗೆ ಆಯುಧಪೂಜೆಯ ವಿಷಯ ನಾನೇನು ಹೇಳುವುದು! ಸುತ್ತಿಗೆಯಿಂದ ಲಾರಿಯವರೆಗೆ ಎಲ್ಲಕ್ಕೂ ಸ್ನಾನ, ಹೂವು, ವಿಭೂತಿ, ಗಂಧ, ಕುಂಕುಮ. ನಾವೂ ಭಕ್ತಿಯಿಂದ ಸ್ಟೋರ್ಸು ತೊಳೆದು, ಒಂದು ಡಬ್ಬವನ್ನೂ ಬಿಡದೆ ವಿಭೂತಿ ಬಳಿದೆವು. ನಾನಂತೂ ಮೂರು ಬೆರಳೂ ಅಗಲಿಸಿ ಎಳೆದೆ. ಬೂದುಗುಂಬಳಕಾಯಿ ಒಡೆದು, ಪುರಿ ಹಂಚಿ, ಮನೆಗೆ ಹೋದೆವು.

ಹಬ್ಬ ಕಳೆದು ಬಾಗಿಲು ತೆರೆದರೆ ನಂಜುಂಡ ಓಡಿ ಬಂದ. ಮಿಷನ್ನು ನಿಂತಿದೆ, ಬೆಲ್ಟು ಬೇಕು. ರಾಜಮ್ಮ ರ‍್ಯಾಕಿನ ಕಡೆ ತಿರುಗಿದವಳು ಹಾಗೇ ನಿಂತಳು. ಡಬ್ಬಗಳೆಲ್ಲ ಮಠದಲ್ಲಿ ಪಂಕ್ತಿಗೆ ಕುಳಿತವರ ಹಾಗೆ ಒಂದೇ ತರಹದ ಹಣೆ ಹೊತ್ತು ಕುಳಿತಿವೆ. ಚೀಟಿ ಒಂದೂ ಇಲ್ಲ! ಇರದೆ ಏನು, ಎಲ್ಲ ವಿಭೂತಿಯ ಅಡಿಯಲ್ಲಿವೆ. ಡಬ್ಬದ ಮುಖದಲ್ಲಿ ನಟ್ಟನಡುವೆ, ಎದ್ದು ಕಾಣುವ ಜಾಗ ನೋಡಿ ಚೀಟಿ ಅಂಟಿಸಿದ್ದೆವು. ಪೂಜೆಗೆ ನಿಂತ ಕೈಗಳೂ ಹಣೆಯೆಂದು ಅದೇ ಜಾಗವನ್ನು ಹುಡುಕಿದ್ದವು. ರಾಜಮ್ಮ ಗಾಬರಿಯಲ್ಲಿ ಒದ್ದೆ ಬಟ್ಟೆ ಹಚ್ಚಿ ಉಜ್ಜಿದಳು. ಕುಂಕುಮವೂ ಶಾಯಿಯೂ ಕಲಸಿ ಹರಿದು, ಇದ್ದದ್ದೂ ಹೋಯಿತು.

ಬೆಲ್ಟನ್ನು ನಾನೇ ಕೈಯಾಡಿಸಿ ತೆಗೆದುಕೊಟ್ಟೆ. ಅಷ್ಟರಲ್ಲಿ ಸಾಹೇಬರು ಬಂದಿದ್ದರು. “ಇವತ್ತು ನೀವಿದ್ರಿ. ಮುಂದಿನ ವಾರ?” ಎಂದಷ್ಟೇ ಹೇಳಿ ಹೊರಟುಹೋದರು. ರಾಜಮ್ಮ ಕೆಂಪಾದ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದಳು. ಅವಳ ಎದೆಯಲ್ಲಿ ಉಬ್ಬಸದ ಆ ಹಳೆಯ ಸುಯ್ಯೆನ್ನುವ ಸದ್ದು ಶುರುವಾಗಿತ್ತು.

“ಅಳಬ್ಯಾಡ ಕಣಕ್ಕೋ,” ಎಂದ ನಂಜುಂಡ, ಬೆಲ್ಟನ್ನು ಹೆಗಲಿಗೆ ಹಾಕಿಕೊಳ್ಳುತ್ತಾ. “ದೇವ್ರಿಗೆ ಹಣೇನೇ ಬೇಕು, ಏನ್ ಮಾಡಕ್ಕಾಯ್ತದೆ? ಹಣೆ ಅವ್ನಿಗೆ ಬುಟ್ಟು ನೀವು ಗದ್ದಕ್ಕೆ ಬರ್ಕಳಿ.”

ತಮಾಷೆಗೆ ಅಂದದ್ದು. ನಾವು ಹಾಗೇ ಮಾಡಿದೆವು. ಡಬ್ಬದ ಮುಖ ಖಾಲಿ ಬಿಟ್ಟು, ಅದರ ಕೆಳ ಅಂಚಿಗೆ ಕಪ್ಪು ಬಣ್ಣದಲ್ಲಿ ಬರೆದೆವು. ಬರೆದು ನೋಡಿದರೆ ಇನ್ನೊಂದು ಆಶ್ಚರ್ಯ ಕಾದಿತ್ತು. ಮೇಲಿನ ರ‍್ಯಾಕಿನ ಡಬ್ಬವನ್ನು ನಾವು ನೋಡುವುದು ಕೆಳಗಿನಿಂದ ತಾನೇ? ಕತ್ತೆತ್ತಿದವರಿಗೆ ಮೊದಲು ಕಾಣುವುದೇ ಗದ್ದ. ಓದಲು ತೊಡಕಾಗುವವರಿಗೆಂದು ಪ್ರತಿ ಡಬ್ಬಕ್ಕೂ ಒಳಗಿನ ಸಾಮಾನೊಂದನ್ನು ತಂತಿಯಲ್ಲಿ ಕಟ್ಟಿ ಇಳಿಬಿಟ್ಟೆವು. ಬುಗುಡಿ ಹಾಕಿದ ಹಾಗಾಯಿತು ಎಂದಳು ರಾಜಮ್ಮ.

ನನ್ನ ಆಪರೇಷನ್ ಆಯಿತು. ರಾಮಕೃಷ್ಣನಗರದ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ, ಫೋನನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತೆ. ಯಾವುದಾದರೂ ಸಾಮಾನು ಸಿಗದೆ ಹೋಗುತ್ತದೆ, ಫೋನು ಬರುತ್ತದೆ, ನಾನು ಕುಳಿತಲ್ಲಿಂದಲೇ ಬಾಗಿಲ ಪಕ್ಕ, ಮೇಲಿಂದ ಎರಡನೆಯದು ಎಂದು ಹೇಳುತ್ತೇನೆ. ಹೀಗೆಲ್ಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಫೋನು ಬರಲಿಲ್ಲ. “ಬರ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಯಾಕೆ ಮುಖ ಊದಿಸ್ಕೊಂಡಿದ್ದೀರಿ?” ಎಂದಳು ಮನೆಯವಳು. ತಡೆಯಲಾರದೆ ನಾನೇ ಮಾಡಿದೆ. “ಅಣ್ಣ, ಕೌಂಟರಲ್ಲಿ ಜನ ಅವ್ರೆ. ಆಮೇಲೆ ಮಾಡ್ತೀನಿ,” ಎಂದು ರಾಜಮ್ಮ ಇಟ್ಟೇಬಿಟ್ಟಳು.

ಕೊನೆಗೆ ಕಾರ್ಖಾನೆಗೆ ಹೋದ ದಿನ ಸಾಹೇಬರೇ ಎದುರಾಗಿ, ಆಯಮ್ಮನನ್ನು ಸ್ಟೋರ್ಸಿಗೇ ಕಾಯಂ ಮಾಡಿದೆ, ನೀವು ನಿಧಾನ ಬನ್ನಿ ಎಂದರು. ಒಳಗೆ ಹೋಗಿ ನೋಡಿದರೆ ಡಬ್ಬಗಳು ಅಲ್ಲಲ್ಲಿ ಜಾಗ ಬದಲಿಸಿದ್ದವು. ಜೀವಮಾನದಲ್ಲಿ ಮೊದಲ ಸಲ ನನ್ನದೇ ಅಕ್ಷರವನ್ನು, ಹುಡುಕುವವನಾಗಿ, ಓದಿದೆ. ನಡುನಡುವೆ ನನ್ನದಲ್ಲದ ಅಕ್ಷರದ ಚೀಟಿಗಳೂ ಇದ್ದವು. ವಾಲಾಡುವ ಗುಂಡಕ್ಷರ. ಒಂದರಲ್ಲಿ ಹೀಗಿತ್ತು: ‘ರಬ್ಬರ್ ಉಂಗ್ರ ಇಲ್ಲಿಲ್ಲ. ಕಿಟಕಿ ಪಕ್ಕ ಅದೆ.’

“ಇಲ್ಲದ್ದಕ್ಕೂ ಚೀಟೀನೇನಮ್ಮ?” ಎಂದೆ.

“ಎಲ್ರೂ ಮೊದ್ಲು ಇಲ್ಲೇ ಹುಡುಕ್ತಾರಣ್ಣ. ಇದ್ದ ಕಡೆ ಬರ್ದ್ರೆ, ಅಲ್ಲಿಗೆ ಬಂದೋರಿಗೆ ಗೊತ್ತಾಯ್ತದೆ. ದಾರಿ ತಪ್ಪಿದೋರಿಗೆ?”

ಹೊಟ್ಟೆಯಲ್ಲಿ ಒಂದು ಸಣ್ಣ ಉರಿ, ಅದರ ಮೇಲೆ ದೊಡ್ಡದೊಂದು ಸಂತೋಷ. ಎರಡೂ ಒಟ್ಟಿಗೇ ಇದ್ದವು. ಅವಳು ಉಸಿರು ಕಟ್ಟದೆ ಮಾತಾಡುತ್ತಿದ್ದಳು ಎನ್ನುವುದನ್ನು ಆಮೇಲೆ ಗಮನಿಸಿದೆ.

ಬೋಗಾದಿಯ ಅಂಗಡಿಯಲ್ಲಿ ಹುರಿಗಡಲೆ ಕೊನೆಗೂ ಸಿಕ್ಕಿತು, ಚಿಪ್ಸಿನ ಪಕ್ಕದಲ್ಲಿ. ಪೊಟ್ಟಣ ಬುಟ್ಟಿಗೆ ಹಾಕಿಕೊಂಡು ಹೊರಟವನು ತಿರುಗಿ ನೋಡಿದೆ. ನಾನು ಅಷ್ಟು ಹೊತ್ತು ನಿಂತಿದ್ದ ಬೇಳೆಕಾಳಿನ ಸಾಲಿನಲ್ಲಿ ಹೆಂಗಸೊಬ್ಬರು ತೊಗರಿ, ಹೆಸರು, ಅಲಸಂದೆಯನ್ನು ಸರಿಸಿ ಸರಿಸಿ ಹಿಂದಕ್ಕೆ ಇಣುಕುತ್ತಿದ್ದರು. ಹತ್ತಿರ ಹೋದೆ.

“ಹುರಿಗಡಲೇನಾ ತಾಯಿ?”

“ಹೂಂ ಕಣ್ರೀ. ನೀವು ಅಂಗಡಿಯೋರಾ?”

“ಅಲ್ಲ. ಇಲ್ಲಿಲ್ಲ ಅದು. ಆ ತುದೀಲಿ, ಚಿಪ್ಸ್ ಪಕ್ಕ.”

ಅವರು ಹೋದರು. ಒಗ್ಗರಣೆ ಸೀದರೆ ಸೀಯಲಿ ಎಂದುಕೊಂಡು, ಇನ್ನೊಬ್ಬರು ಬರುತ್ತಾರೇನೋ ಎಂದು ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.